ಭಾನುವಾರದ ಬ್ರಂಚ್: ಇಬ್ಬರಿಗೆ ಮೂರು ಗಂಟೆ

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಭಾನುವಾರದ ಬ್ರಂಚ್, ಅಂದರೆ ತಿಂಡಿಯೂ ಊಟವೂ ಸೇರಿದ ಬಫೆ, ಸಾಮಾನ್ಯವಾಗಿ 12.30ಕ್ಕೆ ಶುರುವಾಗಿ 3.30–4ಕ್ಕೆ ಮುಗಿಯುತ್ತದೆ. ಹೆಸರು ಏನೇ ಇರಲಿ, ಇದು ತಡವಾದ ಮಧ್ಯಾಹ್ನದ ಊಟವೇ. ಹಾಗಾಗಿ ಬೆಳಿಗ್ಗೆ ಉಪವಾಸ ಕೂರಬೇಡಿ. ಎಂಟು ಗಂಟೆಗೆ ಎರಡು ಇಡ್ಲಿ ತಿಂದಿರಿ. ಹಸಿದು ಹೋದವರು ಮೊದಲ ತಟ್ಟೆಗೇ ಬ್ರೆಡ್ಡು, ಪಾಸ್ತಾ, ಬಿರಿಯಾನಿ ಪೇರಿಸಿಕೊಂಡು 1.15ರ ಹೊತ್ತಿಗೆ ಬೆಲ್ಟು ಸಡಿಲಿಸುತ್ತಾರೆ. ಆಮೇಲೆ ಎದುರಿಗೆ ಕೂತ ಗೆಳೆಯರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಬಂದದ್ದೇ ಆ ಮಾತಿಗಾಗಿ.

ಗುರುವಾರದೊಳಗೆ ಫೋನ್ ಮಾಡಿ ಟೇಬಲ್ ಹಿಡಿಯಿರಿ. ಇಬ್ಬರಿಗೆ ಎಂದರೆ ಬಹಳ ಕಡೆ ಓಡಾಡುವ ದಾರಿಯಲ್ಲಿರುವ ಚಿಕ್ಕ ಟೇಬಲ್ ಕೊಡುತ್ತಾರೆ. ಕಿಟಕಿ ಪಕ್ಕ ಬೇಕು, ಸ್ಪೀಕರಿನಿಂದಲೂ ಅಡುಗೆಮನೆಯ ಬಾಗಿಲಿನಿಂದಲೂ ದೂರ ಇರಬೇಕು ಎಂದು ಬಾಯಿಬಿಟ್ಟು ಹೇಳಿ. ಭಾನುವಾರ ಹಾಡುಗಾರರಿರುವ ಕಡೆ ಇದು ಇನ್ನೂ ಮುಖ್ಯ; ಗಿಟಾರಿನ ಎದುರು ಕೂತರೆ ಇಬ್ಬರೂ ಮೂರು ಗಂಟೆ ಕೂಗಾಡಬೇಕಾಗುತ್ತದೆ.

ದರ ಕೇಳುವಾಗ ‘ತೆರಿಗೆ ಸೇರಿ ಎಷ್ಟು’ ಎಂದೇ ಕೇಳಿ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 18. ಹೊರಗಿನ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5. ಒಬ್ಬರಿಗೆ 3,000 ಎಂದರೆ ಶೇ 18 ಸೇರಿ ಇಬ್ಬರಿಗೆ 7,080 ಆಗುತ್ತದೆ. ಅದರ ಮೇಲೆ ಶೇ 10 ಸೇವಾ ಶುಲ್ಕ ಸೇರಿಸಿ ಒಟ್ಟಿಗೆ ತೆರಿಗೆ ಹಾಕಿದರೆ 7,788. ಈ ಶುಲ್ಕ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆತ್ತಗೆ ಹೇಳಿದರೆ ಸಾಕು. ಚೆನ್ನಾಗಿ ನೋಡಿಕೊಂಡ ಹುಡುಗನ ಕೈಗೆ ನೇರವಾಗಿ ಟಿಪ್ಸ್ ಕೊಡುವುದು ಒಳ್ಳೆಯದು.

ಹೋದ ಕೂಡಲೇ ತಟ್ಟೆ ಎತ್ತಬೇಡಿ. ಇಬ್ಬರೂ ಬರಿಗೈಯಲ್ಲಿ ಒಂದು ಸುತ್ತು ಬನ್ನಿ. ಯಾವ ಕೌಂಟರಿನಲ್ಲಿ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ, ಯಾವುದು ಬೆಳಿಗ್ಗೆಯೇ ಮಾಡಿಟ್ಟದ್ದು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಲೈವ್ ಕೌಂಟರುಗಳು ಎಷ್ಟು ಹೊತ್ತಿಗೆ ಮುಚ್ಚುತ್ತವೆ ಎಂದೂ ಕೇಳಿಕೊಳ್ಳಿ. ಹಲವೆಡೆ ಮುಗಿಯುವ ಅರ್ಧ ಗಂಟೆ ಮೊದಲೇ ಒಲೆ ಆರಿಸುತ್ತಾರೆ.

ಬಫೆಯ ದೊಡ್ಡ ತೊಂದರೆ ಎಂದರೆ ಒಬ್ಬರು ಕೂತಾಗ ಇನ್ನೊಬ್ಬರು ಎದ್ದಿರುವುದು. ಮಾತು ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಫೋನು ಕೈಗೆ ಬರುತ್ತದೆ. ಇದಕ್ಕೆ ಒಂದೇ ದಾರಿ: ಇಬ್ಬರೂ ಒಟ್ಟಿಗೆ ಏಳಿ, ಒಟ್ಟಿಗೆ ಕೂರಿ, ಒಂದು ಸುತ್ತಿಗೂ ಇನ್ನೊಂದಕ್ಕೂ 25 ನಿಮಿಷವಾದರೂ ಬಿಡಿ. ಹೊಟ್ಟೆ ತುಂಬಿದ್ದು ತಿಳಿಯಲು ಸುಮಾರು 20 ನಿಮಿಷ ಬೇಕು, ಆದ್ದರಿಂದ ಈ ಬಿಡುವು ಹೊಟ್ಟೆಗೂ ಒಳ್ಳೆಯದೇ. ನಾಲ್ಕು ಸುತ್ತು ಸಾಕು, ತಟ್ಟೆಗೆ ಮೂರೋ ನಾಲ್ಕೋ ಬಗೆ.

ಮೊದಲ ಸುತ್ತು ತಣ್ಣಗಿನದ್ದು. ಸಿಗಡಿ, ಮೀನು ತಿನ್ನುವವರು ಬ್ರಂಚ್ ಶುರುವಾದ ಒಂದು ಗಂಟೆಯೊಳಗೆ ಮುಗಿಸಿಬಿಡಿ. ಸಿಗಡಿ ಐಸಿನಲ್ಲಿ ಹುದುಗಿರಬೇಕು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಕರಗಿದ ನೀರಿನಲ್ಲಿ ಕೂತಿದ್ದರೆ ಮುಟ್ಟಬೇಡಿ. ಜಪಾನಿನ ಅನ್ನದ ಸುರುಳಿಯಾದ ಸುಶಿಯನ್ನು ಎದುರಿಗೇ ಸುತ್ತಿಸಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ, ಹೊರಗಿನ ಪಾಚಿಹಾಳೆ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ.

ಎರಡನೆಯ ಸುತ್ತು ಮೊಟ್ಟೆಗೆ. ಬ್ರಂಚಿನ ಅಡುಗೆಮನೆ ಹೇಗಿದೆ ಎಂದು ತಿಳಿಯಲು ಎಗ್ಸ್ ಬೆನೆಡಿಕ್ಟ್ (ಮಫಿನ್ ಬ್ರೆಡ್ಡಿನ ಮೇಲೆ ಪೋಚ್ ಮಾಡಿದ, ಅಂದರೆ ಒಡೆದು ಬಿಸಿನೀರಿನಲ್ಲಿ ಬೇಯಿಸಿದ, ಮೊಟ್ಟೆ; ಅದರ ಮೇಲೆ ಸಾಸ್) ಒಂದನ್ನು ನೋಡಿದರೆ ಸಾಕು. ಇದರ ಹಾಲಂಡೇಸ್ ಸಾಸ್ ಎಂದರೆ ಹಳದಿ ಲೋಳೆಗೆ ಕರಗಿಸಿದ ಬೆಣ್ಣೆ, ನಿಂಬೆರಸ ಸೇರಿಸಿ ಕಡೆದದ್ದು. ಬಿಸಿ ಹೆಚ್ಚಾದರೆ ಒಡೆದು ಬೆಣ್ಣೆ ಬೇರೆಯಾಗುತ್ತದೆ, ಆರಿದರೆ ಕೆನೆಗಟ್ಟುತ್ತದೆ. ಆದ್ದರಿಂದ ಬಿಸಿ ಟ್ರೇಯಲ್ಲಿ ಮಾಡಿಟ್ಟದ್ದನ್ನು ಬಿಟ್ಟು, ಈಗಲೇ ಪೋಚ್ ಮಾಡಿಕೊಡಿ ಎನ್ನಿ. ಮೂರು–ನಾಲ್ಕು ನಿಮಿಷದ ಕೆಲಸ. ಚಾಕು ತಾಗಿಸಿದರೆ ಲೋಳೆ ನಿಧಾನವಾಗಿ ಹರಿದು, ಸಾಸಿನ ಜೊತೆ ಬೆರೆತು, ಕೆಳಗಿನ ಸುಟ್ಟ ಮಫಿನ್ನಿಗೆ ಇಳಿಯಬೇಕು. ಲೋಳೆ ಪುಡಿಪುಡಿಯಾದರೆ ವಾಪಸ್ ಕೊಟ್ಟು ಇನ್ನೊಂದು ಮಾಡಿಸಿ, ಸಂಕೋಚ ಬೇಡ.

ಮೂರನೆಯದು ಬಿಸಿ ಅಡುಗೆ. ಮನೆಯಲ್ಲಿ ಆಗದ್ದನ್ನು ಆರಿಸಿ. ದೋಸೆಗೂ ದಾಲ್‌ಗೂ ಇಷ್ಟು ದುಡ್ಡು ಕೊಡಬೇಕಾಗಿಲ್ಲ. ಇಡಿಯಾಗಿ ಬೇಯಿಸಿದ ಮಾಂಸವನ್ನು ಕೊಯ್ದುಕೊಡುವ ಕಡೆ, ತುದಿಯ ಒಣಗಿದ ತುಂಡಿನ ಬದಲು ನಡುವಿನದನ್ನು ತೆಳ್ಳಗೆ ಕೊಯ್ಯಲು ಹೇಳಿ.

ಜೊತೆಗೆ ಬರುವವರು ಸಸ್ಯಾಹಾರಿಯಾದರೆ ಬುಕ್ ಮಾಡುವಾಗಲೇ ಸಸ್ಯಾಹಾರದ ದರ ಬೇರೆ ಇದೆಯೇ ಕೇಳಿ. ಹಸಿರು ಚುಕ್ಕೆಯ ಚೀಟಿ ಇಲ್ಲದ್ದನ್ನು ನಂಬಬೇಡಿ. ಸೀಸರ್ ಸಲಾಡ್‌ನ ಡ್ರೆಸ್ಸಿಂಗಿಗೆ ಆಂಚೊವಿ ಮೀನು, ಥಾಯ್ ಕರಿ ಪೇಸ್ಟಿಗೆ ಸಿಗಡಿ, ಪನ್ನಾ ಕೋಟಾ, ಮೂಸ್‌ಗಳಂಥ ಸಿಹಿಗಳಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಬಿದ್ದಿರಬಹುದು. ತಿರಾಮಿಸುವಿನಲ್ಲಿ ಹಸಿ ಮೊಟ್ಟೆ, ಮದ್ಯ ಎರಡೂ ಇರಬಹುದು. ಬಡಿಸುವವರಿಗೆ ಇದೆಲ್ಲ ಗೊತ್ತಿರುವುದಿಲ್ಲ, ಕೌಂಟರಿನ ಹಿಂದಿರುವ ಶೆಫ್‌ನನ್ನೇ ಕೇಳಿ.

ಸಿಹಿಗೆ 2.45ಕ್ಕೆ ಏಳಿ. ಒಂದೊಂದು ಬಗೆಯನ್ನು ಒಂದೇ ತಟ್ಟೆಯಲ್ಲಿ ತಂದು, ಎರಡು ಚಮಚ ಇಟ್ಟುಕೊಂಡು ಹಂಚಿಕೊಳ್ಳಿ. ಕಾಫಿ ಬಫೆಯಲ್ಲಿ ಸೇರಿದೆಯೇ ಎಂದು ಕೇಳಿ ತರಿಸಿ, ಅದನ್ನು ಹಿಡಿದು ಆರಾಮಾಗಿ ಕೂರಿ. ಎದ್ದು ಹೋಗುವ ಕೆಲಸವಿಲ್ಲದ ಈ ಅರ್ಧ ಗಂಟೆಯಲ್ಲೇ ಮನಬಿಚ್ಚಿದ ಮಾತು ಬರುವುದು, ಅದನ್ನು ಐದನೇ ಸುತ್ತಿಗೆ ಕಳೆಯಬೇಡಿ.

ಬಿಲ್ ಯಾರು ಕೊಡುವುದು ಎಂಬುದನ್ನು ಕರೆಯುವಾಗಲೇ ತೀರ್ಮಾನಿಸಿ; ‘ನಾನು ಕೊಡ್ತೀನಿ, ನೀನು ಸುಮ್ನಿರು’ ಎಂಬ ಎಳೆದಾಟ ಟೇಬಲಿನ ಮೇಲೆ ಬೇಡ. ಕುಡಿದಿದ್ದರೆ ಗಾಡಿ ಮುಟ್ಟಬೇಡಿ. ಎಂ.ಜಿ. ರಸ್ತೆ ಸುತ್ತಮುತ್ತಲಾದರೆ ನೇರಳೆ ಮಾರ್ಗದ ಮೆಟ್ರೊ ನಡೆದು ಹೋಗುವಷ್ಟು ಹತ್ತಿರ. ರಾತ್ರಿಗೆ ಒಂದಿಷ್ಟು ಮಜ್ಜಿಗೆ ಅನ್ನ ಸಾಕು.