ಯುರೇನಿಯಂ ಪ್ರಕ್ರಿಯೆಗೆ ಪೇಟೆಂಟ್: ತಕರಾರು ಬಂದರೆ ಎಲ್ಲಿಂದ ಹಿಡಿಯಬೇಕು?

ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದವರು ಪೇಟೆಂಟ್ ಅಂದ ಕೂಡಲೇ "ಇದು ಹೊಸದಾ?" ಅಂತ ಶುರು ಮಾಡುತ್ತಾರೆ. ಯುರೇನಿಯಂ ವಿಷಯದಲ್ಲಿ ಅದು ಎರಡನೇ ಪ್ರಶ್ನೆ. ಕಾನೂನು ಬಿಡುತ್ತದಾ ಅನ್ನೋದು ಮೊದಲನೆಯದು.

ಹಾಗಾಗಿ 1970ರ ಪೇಟೆಂಟ್ ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ. ಹಳೇ ವ್ಯವಸ್ಥೆಯಲ್ಲಿ ಅದು 1962ರ ಪರಮಾಣು ಶಕ್ತಿ ಕಾಯ್ದೆಯ 20ನೇ ಸೆಕ್ಷನ್ ಕಡೆ ಕಳಿಸುತ್ತಿತ್ತು. ಅಲ್ಲಿ ಗಣಿಯಿಂದ ಹಿಡಿದು ರಾಸಾಯನಿಕ ಸಂಸ್ಕರಣೆವರೆಗೆ ಎಲ್ಲಕ್ಕೂ ಬೀಗ. ಇದು ಪರಮಾಣು ಶಕ್ತಿಗೆ ಸೇರಿದ್ದು ಅಂತ ಕೇಂದ್ರ ಸರ್ಕಾರ ಹೇಳಿದರೆ ಮುಗೀತು, ಪ್ರಕ್ರಿಯೆ ಎಷ್ಟೇ ಹೊಸದಾಗಿದ್ದರೂ ಪೇಟೆಂಟ್ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಪಾಸ್ ಮಾಡಿದ 'ಶಾಂತಿ' (SHANTI) ಅನ್ನೋ ಹೊಸ ಪರಮಾಣು ಶಕ್ತಿ ಕಾಯ್ದೆ ಇದನ್ನು ಸಡಿಲಿಸಿತು. ಶಾಂತಿಯುತ ಬಳಕೆಯ ಆವಿಷ್ಕಾರಕ್ಕೆ ದಾರಿ ಬಿಟ್ಟು, ದೇಶದ ಭದ್ರತೆಗೆ ಸೂಕ್ಷ್ಮವಾದದ್ದನ್ನು ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿದೆ. ಯಾರಾದರೂ ಹಳೇ ಆದೇಶ ತೋರಿಸಿ ಹೆದರಿಸಿದರೆ ಮೊದಲು ಅದರ ತಾರೀಖು ನೋಡಿ.

ಇದು ದಾಟಿದ ಮೇಲೆ ನಿಜವಾದ ಜಗಳ. ಯುರೇನಿಯಂ ಹೆಕ್ಸಾಫ್ಲೋರೈಡನ್ನು ಡೈಆಕ್ಸೈಡ್ (ರಿಯಾಕ್ಟರ್ ಇಂಧನದ ಪುಡಿ) ಮಾಡೋ ದಾರಿಗಳು ಹಳೆಯವು. ನೀರು ಮತ್ತು ಅಮೋನಿಯಾದಿಂದ ಅಮೋನಿಯಂ ಡೈಯುರನೇಟ್ ಮಾಡೋದು ಒಂದು, ಅಮೋನಿಯಾ ಜತೆ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಕಾರ್ಬೊನೇಟ್ ಮಾಡೋದು ಇನ್ನೊಂದು, ಹಬೆ ಮತ್ತು ಹೈಡ್ರೋಜನ್ ಬಳಸೋ ಒಣ ದಾರಿ ಮತ್ತೊಂದು. ನಿಮ್ಮ ಕ್ಲೈಮನ್ನು, ಅಂದರೆ ಅರ್ಜಿಯಲ್ಲಿ ನಿಮ್ಮದು ಅಂತ ಹೇಳಿಕೊಂಡಿದ್ದನ್ನು, ಹಂತ ಹಂತವಾಗಿ ಒಡೆದು ಬರೆಯಿರಿ. ಪ್ರತಿ ಹಂತದ ಪಕ್ಕ ಹಳೇ ದಾಖಲೆ ಇಡಿ. ಎಲ್ಲ ಹಂತಗಳೂ ಒಂದೇ ದಾಖಲೆಯಲ್ಲಿ ಸಿಕ್ಕರೆ ಹೊಸತನ ಹೋಯಿತು.

ಸಿಗದಿದ್ದರೂ ಸುಮ್ನೆ ಖುಷಿಪಡಬೇಡಿ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಇದೆಯಲ್ಲ! ಗೊತ್ತಿರುವ ಪ್ರಕ್ರಿಯೆಯನ್ನೇ ಬಳಸಿದರೆ ಹೊಸ ಉತ್ಪನ್ನ ಬರಬೇಕು, ಇಲ್ಲವೇ ಕನಿಷ್ಠ ಒಂದು ಹೊಸ ರಿಯಾಕ್ಟೆಂಟ್ (ಕ್ರಿಯೆಯಲ್ಲಿ ಪಾಲ್ಗೊಳ್ಳೋ ರಾಸಾಯನಿಕ) ಇರಬೇಕು. ಬರೀ ಉಷ್ಣಾಂಶ ಬದಲಿಸಿದೆ ಅಂದರೆ "ಇದು ಯಾರಿಗಾದರೂ ಹೊಳೆಯುತ್ತಿತ್ತು" ಅನ್ನುತ್ತಾರೆ. ಪುಡಿಯಲ್ಲಿ ಉಳಿದ ಫ್ಲೋರೈಡ್ ಎಷ್ಟು ಇಳಿಯಿತು, ಪೆಲೆಟ್ ಸಿಂಟರಿಂಗ್ (ಪುಡಿ ಒತ್ತಿದ ಬಿಲ್ಲೆಯನ್ನು ಕಾಯಿಸಿ ಗಟ್ಟಿ ಮಾಡೋದು) ಎಷ್ಟು ಸುಧಾರಿಸಿತು ಅಂತ ಹಳೇ ವಿಧಾನದ ಪಕ್ಕದಲ್ಲೇ ಅಂಕಿ ಇಟ್ಟು ತೋರಿಸಿ. ನನ್ನ ಪ್ರಕಾರ ಗೆಲ್ಲೋದು ಈ ಟೇಬಲ್, ವಕೀಲರ ಇಂಗ್ಲಿಷ್ ಅಲ್ಲ.

ಪ್ರಕಟವಾದ ಅರ್ಜಿಗೆ, ಪೇಟೆಂಟ್ ಸಿಗೋ ಮುಂಚೆ, ಯಾರು ಬೇಕಾದರೂ ತಕರಾರು ಹಾಕಬಹುದು. ಸಿಕ್ಕಿದ ಮೇಲಾದರೆ ಸಂಬಂಧಪಟ್ಟವರಿಗೆ ಮಾತ್ರ ಅವಕಾಶ, ಅದೂ ಪೇಟೆಂಟ್ ಸಿಕ್ಕಿತು ಅನ್ನೋ ಪ್ರಕಟಣೆಯಿಂದ ಒಂದು ವರ್ಷದೊಳಗೆ. ನಮ್ಮ ಕಡೆಯ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಹುಬ್ಬಳ್ಳಿಯ ಸೆಮಿನಾರ್‌ನಲ್ಲಿ ಪಿಪಿಟಿ ತೋರಿಸೋದಿದ್ದರೆ ಅರ್ಜಿ ಹಾಕಿದ ಮೇಲೆ ತೋರಿಸಿ. ವಿದೇಶದಲ್ಲಿ ಅರ್ಜಿ ಹಾಕೋ ಮುಂಚೆ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಓದಿ. ಪರಮಾಣು ಶಕ್ತಿಯ ವಿಷಯವಾದರೆ ಕೇಂದ್ರದ ಒಪ್ಪಿಗೆ ಇಲ್ಲದೆ ಕಂಟ್ರೋಲರ್ (ಪೇಟೆಂಟ್ ಕಚೇರಿಯ ಅಧಿಕಾರಿ) ಅನುಮತಿ ಕೊಡುವಂತಿಲ್ಲ.