ಮ್ಯಾನ್‌ಹೋಲ್ ಅನಿಲಕ್ಕೆ ಟಿನ್ ಆಕ್ಸೈಡ್ ಎಳೆ: ನಾನು ಮಾಡಿದ ಬಗೆ

ಒಳಚರಂಡಿ ಗುಂಡಿಯಲ್ಲಿ ಜೀವ ತೆಗೆಯುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಮುಖ್ಯವಾದದ್ದು. ಕೊಳೆತ ಮೊಟ್ಟೆಯ ವಾಸನೆ ಬಂದೇ ಬರುತ್ತದೆ ಎಂದು ಮೂಗನ್ನು ನಂಬಬೇಡಿ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಹೊತ್ತಿಗೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಈ ಅನಿಲವನ್ನು ಪತ್ತೆಹಚ್ಚುವ ಸೆನ್ಸರ್ ಮಾಡಲೆಂದೇ ನಾನು ತಾಮ್ರ ಬೆರೆಸಿದ ಟಿನ್ ಆಕ್ಸೈಡ್ ಎಳೆ ಆರಿಸಿಕೊಂಡೆ; ಅನಿಲ ತಾಗಿದರೆ ಇದರ ವಿದ್ಯುತ್ ರೋಧ ಬದಲಾಗುತ್ತದೆ.

ಅಬ್ಸಲ್ಯೂಟ್ ಎಥನಾಲ್ 5 ಮಿ.ಲೀ., ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ) 5 ಮಿ.ಲೀ., ಸ್ಟ್ಯಾನಸ್ ಕ್ಲೋರೈಡ್ ಡೈಹೈಡ್ರೇಟ್ 0.9 ಗ್ರಾಂ, ಕಾಪರ್ ನೈಟ್ರೇಟ್ ಟ್ರೈಹೈಡ್ರೇಟ್ 29 ಮಿ.ಗ್ರಾಂ. ಇಷ್ಟೂ ಕರಗಿದ ಮೇಲೆ 13 ಲಕ್ಷ ಅಣುತೂಕದ ಪಿವಿಪಿ (ದ್ರಾವಣ ಎಳೆಯಾಗಲು ಬೇಕಾದ ಪಾಲಿಮರ್) 1 ಗ್ರಾಂ ಚೂರುಚೂರೇ ಉದುರಿಸಿ ರಾತ್ರಿಯಿಡೀ ಕಲಕಬೇಕು. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ. ದ್ರಾವಣ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ಬಳಸಬೇಡಿ.

ಎಲೆಕ್ಟ್ರೋಸ್ಪಿನ್ನಿಂಗ್‌ಗೆ (ಹೆಚ್ಚು ವೋಲ್ಟೇಜಿನಿಂದ ದ್ರಾವಣವನ್ನು ಸೂಜಿಯ ತುದಿಯಿಂದ ನವಿರು ಎಳೆಯಾಗಿ ಸೆಳೆಯುವ ಬಗೆ) 15 ಕಿಲೋವೋಲ್ಟ್, ಸೂಜಿಯಿಂದ ಫಾಯಿಲ್‌ಗೆ 15 ಸೆಂ.ಮೀ., ಗಂಟೆಗೆ 0.5 ಮಿ.ಲೀ. ತುಮಕೂರಿನ ಫೆಬ್ರವರಿ-ಮಾರ್ಚ್ ಒಣಹವೆಯಲ್ಲಿ ಎಳೆ ಬೂರುಗದ ಹತ್ತಿಯಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಮಳೆಗಾಲದಲ್ಲಿ ಪಿವಿಪಿ ತೇವ ಹೀರಿ ಎಳೆಗೆ ಎಳೆ ಅಂಟಿ ಪೊರೆಯಾಗುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ತೇವಾಂಶ ಶೇ. 40ರ ಕೆಳಗಿದ್ದರಷ್ಟೇ ಶುರು ಮಾಡುತ್ತೇನೆ. ಮುಟ್ಟುವ ಮೊದಲು ಕರೆಂಟ್ ಆರಿಸಿ ಸೂಜಿಯನ್ನು ಅರ್ತ್ ಮಾಡಲೇಬೇಕು.

ಕೆಲಸ ಕೆಡುವುದು ಕುಲುಮೆಯಲ್ಲಿ. 600 ಡಿಗ್ರಿ, 2 ಗಂಟೆ. ಆದರೆ ಏರಿಕೆ ನಿಮಿಷಕ್ಕೆ 2 ಡಿಗ್ರಿ ಮೀರಬಾರದು. ಪಿವಿಪಿ ಉರಿದುಹೋಗುವಾಗ ಪದರ ಕುಗ್ಗುತ್ತದೆ. ನೇರ ಎಲೆಕ್ಟ್ರೋಡ್ ಮೇಲೆಯೇ ದಪ್ಪ ಪದರ ನೂತರೆ ಅಂಚು ಹಪ್ಪಳದಂತೆ ಮೇಲೆದ್ದು ಸುರುಳಿಯಾಗಿ ಕಳಚುತ್ತದೆ. ಅದಕ್ಕೇ ಎಳೆಯನ್ನು ಫಾಯಿಲ್‌ನಿಂದ ಬಿಡಿಸಿ ಬೋಗುಣಿಯಲ್ಲಿ ಸುಟ್ಟು, ಎಥನಾಲ್‌ನಲ್ಲಿ ಹರಡಿ, ಅಲ್ಯೂಮಿನಾ ಎಲೆಕ್ಟ್ರೋಡ್ ಮೇಲೆ ಎರಡು ಹನಿ ಬಿಟ್ಟು 400 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇನೆ. ಹರಡಲು ಸಾನಿಕೇಟರ್ (ಶಬ್ದದ ಅಲೆಯಿಂದ ಅಲುಗಿಸುವ ಯಂತ್ರ) ಕೆಲವೇ ಸೆಕೆಂಡ್ ಸಾಕು, ಹೆಚ್ಚಾದರೆ ಎಳೆ ಪುಡಿಯಾಗುತ್ತದೆ.

ತಾಮ್ರದ ಮಹಿಮೆ ಇಲ್ಲಿದೆ: ಕಾಪರ್ ಆಕ್ಸೈಡ್ ಪಿ ಬಗೆಯ (ಎಲೆಕ್ಟ್ರಾನ್ ಕೊರತೆಯ) ಅರೆವಾಹಕ, ಟಿನ್ ಆಕ್ಸೈಡ್ ಎನ್ ಬಗೆಯ (ಎಲೆಕ್ಟ್ರಾನ್ ಹೆಚ್ಚಿರುವ) ಅರೆವಾಹಕ, ಎರಡೂ ಸೇರಿದಲ್ಲಿ ಎಲೆಕ್ಟ್ರಾನ್ ಹರಿಯಲು ತಡೆ. ಅನಿಲ ತಾಗಿದೊಡನೆ ಕಾಪರ್ ಆಕ್ಸೈಡ್ ಲೋಹದಂತೆ ವಿದ್ಯುತ್ ಹರಿಸುವ ಸಲ್ಫೈಡ್ ಆಗಿ, ತಡೆ ಕುಸಿದು, ರೋಧ ಥಟ್ಟನೆ ಇಳಿಯುತ್ತದೆ. ಸೆನ್ಸರ್ ಬಿಸಿ ಮಾಡುವ ಹೀಟರ್ 200 ಡಿಗ್ರಿಯ ಸುಮಾರಿಗೆ ಇಟ್ಟರೆ ಸ್ಪಂದನ ಚೆನ್ನ, ಚೇತರಿಕೆ ನಿಧಾನ. ಕೆಲವು ನಿಮಿಷ 300ಕ್ಕೆ ಏರಿಸಿದರೆ ಸಲ್ಫೈಡ್ ಮತ್ತೆ ಆಕ್ಸೈಡ್ ಆಗುತ್ತದೆ.

ಅಳೆಯುವ ಮುನ್ನ ಹೀಟರ್ ಒಂದು ದಿನ ಉರಿಯಲಿ. 10 ಲೀಟರ್ ಪೆಟ್ಟಿಗೆಗೆ 1000 ಪಿಪಿಎಂ ಸಿಲಿಂಡರ್ ಅನಿಲ 100 ಮಿ.ಲೀ. ಬಿಟ್ಟರೆ 10 ಪಿಪಿಎಂ. ಇದೆಲ್ಲ ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಒಳಗೇ, ಹೊರಬರುವ ಅನಿಲ ಕಾಸ್ಟಿಕ್ ಸೋಡಾ ದ್ರಾವಣದ ಮೂಲಕ ಹಾಯ್ದು. ಒಣ ಗಾಳಿಯಲ್ಲಿ ತೆಗೆದ ಅಂಕಿ ಗುಂಡಿಯಲ್ಲಿ ಸುಳ್ಳಾಗುತ್ತದೆ, ನೀರಾವಿಯೂ ರೋಧ ಇಳಿಸುವುದರಿಂದ. ಹಾಗಾಗಿ ಗಾಳಿಯನ್ನು ನೀರಿನೊಳಗೆ ಗುಳ್ಳೆಯಾಡಿಸಿ ತೇವ ಮಾಡಿ ಇನ್ನೊಂದು ಸುತ್ತು ಅಳೆದೇ ಕ್ಯಾಲಿಬ್ರೇಷನ್ (ರೋಧಕ್ಕೂ ಪಿಪಿಎಂಗೂ ಅಂಕಿ ಹೊಂದಿಸುವ ಕೆಲಸ) ಮುಗಿಸುತ್ತೇನೆ.