ಚಿತ್ರಮೂಲದ ಬೇರು ಮತ್ತು ನಾನು ಚೆಲ್ಲಿದ ಕೋಶಗಳು

"ಅದು ವಿಷ ಕಣಯ್ಯಾ. ವಿಷ ಹಾಕಿದರೆ ಯಾವ ಕೋಶ ಸಾಯಲ್ಲ ಹೇಳು?" ಚಿತ್ರಮೂಲ ಗಿಡದ ಬೇರಿನಲ್ಲಿರುವ ಪ್ಲಂಬಾಜಿನ್ ಅನ್ನೋ ರಾಸಾಯನಿಕದ ಮೇಲೆ ಕೆಲಸ ಶುರು ಮಾಡಿದಾಗ ನಮ್ಮ ಗೈಡ್ ಅಂದಿದ್ದು. ಪೂರ್ತಿ ಸುಳ್ಳೇನಲ್ಲ. ಚಿತ್ರಮೂಲದ ಬೇರು ಅರೆದು ಹಚ್ಚಿದರೆ ಬೊಬ್ಬೆ ಏಳುತ್ತದೆ. ನನ್ನ ಹೆಬ್ಬೆರಳಿಗೂ ಎದ್ದಿತ್ತು. ಆದರೆ ಎ549 ಅನ್ನೋ ಶ್ವಾಸಕೋಶದ ಕ್ಯಾನ್ಸರ್ ಕೋಶ ಸುಮ್ನೆ ಸುಟ್ಟು ಹೋಗುತ್ತಿಲ್ಲ, ಅಪೊಪ್ಟೋಸಿಸ್‌ನಲ್ಲೇ, ಅಂದರೆ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಂಡು ಸಾಯುತ್ತಿದೆ ಅಂತ ನನಗೆ ಹಟ.

ಮೊದಲ ಎಡವಟ್ಟು ಒಣಗಿಸುವಾಗಲೇ. ಬೇಗ ಆಗಲಿ ಅಂತ ಬೇರನ್ನು ಓವನ್‌ನಲ್ಲಿ 60 ಡಿಗ್ರಿಗೆ ಇಟ್ಟೆ. ಪ್ಲಂಬಾಜಿನ್ ಆವಿಯಾಗಿ ಹಾರಿಹೋಗುವ ಜಾತಿ. ಲ್ಯಾಬೆಲ್ಲ ಘಾಟು, ಬೇರ್ಪಡಿಸುವ ಕಾಲಂನಲ್ಲಿ ಏನೂ ಇಲ್ಲ. ಎರಡು ಕೆಜಿ ಬೇರು ದಂಡ. ಆಮೇಲೆ ನೆರಳಲ್ಲೇ ಒಣಗಿಸಿದೆ. ಯಾವುದರಲ್ಲಿ, ಎಷ್ಟು ಹೊತ್ತು ನೆನೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕಿತ್ತಳೆ ಬಣ್ಣದ ಸೂಜಿಯಂಥ ಹರಳು ಬಂದ ದಿನ ಕಾರಿಡಾರ್ ತುಂಬ ತೋರಿಸಿಕೊಂಡು ಬಂದೆ.

ಕೋಶಗಳಿಗೆ ಅದನ್ನು 50 ಮೈಕ್ರೋಮೋಲಾರ್ ಹಾಕಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಎಲ್ಲ ಚಿಂದಿ. ಗೈಡ್ ನಕ್ಕರು. 8-10ಕ್ಕೆ ಇಳಿಸಿದೆ, 24 ಗಂಟೆ. ಈಗ ಕೋಶಗಳು ಮುದುಡಿ ಗುಳ್ಳೆ ಗುಳ್ಳೆಯಾದವು. ಆದರೆ ಅನೆಕ್ಸಿನ್ (ಅಪೊಪ್ಟೋಸಿಸ್‌ಗೆ ಇಳಿದ ಕೋಶಕ್ಕೆ ಅಂಟುವ ಹೊಳೆಯುವ ಗುರುತು) ಹಾಕಿ, ಕೋಶ ಒಂದೊಂದಾಗಿ ಎಣಿಸುವ ಫ್ಲೋ ಯಂತ್ರಕ್ಕೆ ಕೊಟ್ಟರೆ ಹೊಳೆದದ್ದು ನಾಲ್ಕೈದು ಪರ್ಸೆಂಟ್ ಅಷ್ಟೇ! ಸುಮಾರು ಮೂವತ್ತೈದು ಸಾವಿರದ ಕಿಟ್, ಅರ್ಧ ಹಾಗೇ ಹೋಯಿತು. ತಪ್ಪು ನನ್ನದೇ. ಮೀಡಿಯಂ (ಕೋಶ ಬೆಳೆಸುವ ದ್ರವ) ಚೆಲ್ಲುವಾಗ ತೇಲುತ್ತಿದ್ದ ಕೋಶಗಳನ್ನೂ ಚೆಲ್ಲುತ್ತಿದ್ದೆ. ಸಾಯುತ್ತಿದ್ದದ್ದು ಅವೇ ಅಲ್ವಾ! ಮೇಲಾಗಿ ತಳಕ್ಕಂಟಿದ ಕೋಶ ಬಿಡಿಸೋಕೆ ಹಾಕಿದ ಟ್ರಿಪ್ಸಿನ್ ಜೊತೆ ಇಡಿಟಿಎ. ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಅನೆಕ್ಸಿನ್ ಅಂಟಬೇಕಾದರೆ ಅದೇ ಕ್ಯಾಲ್ಸಿಯಂ ಬೇಕು. ಬರೀ ಟ್ರಿಪ್ಸಿನ್ ಬಳಸಿ, ತೇಲಿದ್ದನ್ನೂ ಕೂಡಿಸಿಕೊಂಡ ಮೇಲೆ ಮೂವತ್ತೈದು ಪರ್ಸೆಂಟ್ ದಾಟಿತು.

ಈ ಮಧ್ಯೆ ಅರಿಶಿನದ ಕರ್ಕ್ಯುಮಿನ್ ಮೇಲೂ ಕೈಯಾಡಿಸಿದೆ. ಒಂದೇ ಸಲಕ್ಕೆ ತೊಂಬತ್ತು ಪರ್ಸೆಂಟ್! ಎಲ್ಲರಿಗೂ ಕಾಫಿ ಕೊಡಿಸಿಯೂ ಆಯಿತು. ಮಾರನೇ ದಿನ ಅನೆಕ್ಸಿನ್ ಹಾಕದ ಟ್ಯೂಬ್ ಓಡಿಸಿದರೆ ಅದೂ ಹಸಿರು. ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ, ಅದೂ ಅನೆಕ್ಸಿನ್‌ನ ಹಸಿರು ಓದುವ ನಮ್ಮ ಎಫ್‌ಐಟಿಸಿ ಚಾನೆಲ್‌ನಲ್ಲೇ. ಕಾಫಿ ದುಡ್ಡು ವಾಪಸ್ ಬರಲಿಲ್ಲ.

ಗೈಡ್ ಬಾಯಿ ಮುಚ್ಚಿಸಿದ್ದು ವೆಸ್ಟರ್ನ್ ಬ್ಲಾಟ್, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟಿಯಾಗಿ ತೋರಿಸುವ ಪರೀಕ್ಷೆ. ಅಪೊಪ್ಟೋಸಿಸ್‌ನಲ್ಲಿ ತುಂಡಾಗುವ ಪಾರ್ಪ್ ಪ್ರೋಟೀನ್‌ನ 116 ಕಿಲೋಡಾಲ್ಟನ್ ಬ್ಯಾಂಡ್ ತೆಳ್ಳಗಾಗಿ 89ರ ಹತ್ತಿರ ಇನ್ನೊಂದು ಎದ್ದಿತ್ತು. ಅಪೊಪ್ಟೋಸಿಸ್ ನಡೆಸುವ ಕಿಣ್ವಗಳಾದ ಕ್ಯಾಸ್ಪೇಸ್-9 ಮತ್ತು 3 ಎರಡೂ ತುಂಡಾಗಿ ಚುರುಕಾಗಿದ್ದವು, ಅಂದರೆ ದಾರಿ ಮೈಟೊಕಾಂಡ್ರಿಯಾದ ಕಡೆಯಿಂದ. ಕ್ಯಾಸ್ಪೇಸ್ ತಡೆಯುವ ಜೆಡ್-ವ್ಯಾಡ್ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಕೋಶ ಉಳಿದವು. ಬರೀ ವಿಷವಾಗಿದ್ದರೆ ಕ್ಯಾಸ್ಪೇಸ್ ತಡೆದು ಉಳಿಸೋಕೆ ಆಗುತ್ತಿತ್ತಾ?

ಎನ್‌ಎಸಿ ಅನ್ನೋ ಆಂಟಿಆಕ್ಸಿಡೆಂಟ್ ಹಾಕಿದಾಗಲೂ ಉಳಿದವು. ಆ ಡೇಟಾ ಮಾತ್ರ ನಾನು ತೋರಿಸಲಿಲ್ಲ. ಎನ್‌ಎಸಿ ಮೀಡಿಯಂನಲ್ಲೇ ಪ್ಲಂಬಾಜಿನ್‌ಗೆ ಅಂಟಿಕೊಂಡು ಅದನ್ನು ಕೋಶದ ತನಕ ಬಿಡೋದೇ ಇಲ್ಲ. ಅದನ್ನು ನೋಡಿ 'ಆರ್‌ಒಎಸ್ ಸಾಬೀತಾಯಿತು', ಅಂದರೆ ಕೋಶ ಕೊಂದದ್ದು ಚುರುಕು ಆಮ್ಲಜನಕದ ಕಣಗಳೇ, ಅಂತ ಕುಣಿಯುವವರು ಬೇಕಾದಷ್ಟು ಜನ ಇದ್ದಾರೆ.

ಗೈಡ್ ಈಗ ಹೊಸ ಪಟ್ಟು ಹಿಡಿದಿದ್ದಾರೆ: ಕ್ಯಾನ್ಸರ್ ಇಲ್ಲದ ಶ್ವಾಸಕೋಶದ ಕೋಶ ಇದೇ ಡೋಸ್‌ಗೆ ಉಳಿಯುತ್ತಾ ತೋರಿಸು ಅಂತ. ಅಂಥ ಕೋಶವಾದ ಎಂಆರ್‌ಸಿ-5 ತರಿಸೋಕೆ ದುಡ್ಡು ಕೇಳಿದ್ದೇನೆ. ಬೇರು ನೆರಳಲ್ಲಿ ಒಣಗುತ್ತಿದೆ.